ಅಡಿಕೆ ಮಂಡಿ ಕೆಲಸ, ಮೂರು ತುಂಬದ ಮಗು, ಡೇಕೇರ್ ಖರ್ಚು: ಶಿವಮೊಗ್ಗದಲ್ಲಿ ಹೇಗೆ ಹೊಂದಿಸೋದು?

ಬೊಮ್ಮನಕಟ್ಟೆ ಅಮ್ಮ:
ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಕರೆದಿದ್ದಾರೆ. ಸಂಬಳ 18,000. ಬೆಳಿಗ್ಗೆ 9.30ರಿಂದ ಸಂಜೆ 7, ಭಾನುವಾರ ರಜೆ. ಮಗಳಿಗೆ ಎರಡು ವರ್ಷ ಒಂಬತ್ತು ತಿಂಗಳು. ಗಂಡನಿಂದ ದೂರ ಇದ್ದೇನೆ, ಕೋರ್ಟಿಗೆ ಹೋಗಿಲ್ಲ, ಆ ಕಡೆಯಿಂದ ಹಣ ಬರೋದಿಲ್ಲ. ಮನೆ ಬಾಡಿಗೆ 5,000. ವಿನೋಬನಗರದ ಡೇಕೇರ್ ಒಂದರಲ್ಲಿ ತಿಂಗಳಿಗೆ 5,500 ಹೇಳಿದ್ದಾರೆ. ಅದು ಸಂಜೆ 6ರವರೆಗೆ, ಆಮೇಲೆ ಪ್ರತಿ ಅರ್ಧ ಗಂಟೆಗೆ 60 ರೂಪಾಯಿ. ಅಮ್ಮ ಹೊಸನಗರದ ಹತ್ತಿರ ಇದ್ದಾರೆ, ಕೊಟ್ಟಿಗೆ ಬಿಟ್ಟು ಬರೋ ಹಾಗಿಲ್ಲ. ಮಾಚೇನಹಳ್ಳಿ ಗಾರ್ಮೆಂಟ್ಸ್‌ನಲ್ಲಿ ಮಕ್ಕಳನ್ನ ನೋಡ್ಕೊಳ್ತಾರೆ, ಅಲ್ಲಿಗೇ ಸೇರು ಅಂತಾರೆ ಕೆಲವರು. ಅಂಗನವಾಡಿಗೆ ಹಾಕು, ದುಡ್ಡು ಯಾಕೆ ಸುರೀತೀಯ ಅಂತಾರೆ ಇನ್ನು ಕೆಲವರು. ವಿಷಯ ಗೊತ್ತಿರೋರು ಹೇಳಿ.

ಕಿರ್ದಿ ಖಾತೆ:
5,500 ಅನ್ನೋ ಅಂಕಿ ನಂಬಬೇಡಿ ಅಕ್ಕ. ನಿಮ್ಮ ಡೇಕೇರ್ ಖರ್ಚು 8,620. ಸಂಜೆ 6ರಿಂದ 7 ಅಂದ್ರೆ ಎರಡು ಅರ್ಧ ಗಂಟೆ, ದಿನಕ್ಕೆ 120, ತಿಂಗಳಿಗೆ 26 ದಿನ ಹಿಡಿದ್ರೆ 3,120. ಯಾರ್ಡಿನಿಂದ ವಿನೋಬನಗರಕ್ಕೆ ಬರೋ ಹೊತ್ತಿಗೆ 7.15 ಆಯ್ತು ಅಂದ್ರೆ ಮೂರನೇ ಅರ್ಧ ಗಂಟೆಯ ದುಡ್ಡೂ ಬೀಳತ್ತೆ. ಅದನ್ನ ಪೂರ್ತಿ ಹಾಕ್ತಾರಾ, ಹತ್ತು ಹದಿನೈದು ನಿಮಿಷ ಬಿಡ್ತಾರಾ ಅಂತ ಮೊದಲೇ ಕೇಳಿ. ಬಾಡಿಗೆ ಕಳೆದ್ರೆ ಕೈಯಲ್ಲಿ ಉಳಿಯೋದು 4,380. ಅದರಲ್ಲೇ ಅಕ್ಕಿ, ಹಾಲು, ಗ್ಯಾಸು, ಔಷಧಿ.

ಈಗ ಇದನ್ನ ನೋಡಿ. 5.30ಕ್ಕೆ ಬಿಡೋ ಹಾಗೆ ಮಾತಾಡಿಕೊಂಡು ಸಂಬಳ 16,000ಕ್ಕೆ ಇಳಿದ್ರೂ ಡೇಕೇರು, ಬಾಡಿಗೆ ಕಳೆದು 5,500 ಉಳಿಯತ್ತೆ. 2,000 ಕಡಿಮೆ ಸಂಬಳಕ್ಕೆ 1,120 ಹೆಚ್ಚು ಉಳಿತಾಯ! ನಿಮ್ಮ ದುಡ್ಡು ಸೋರ್ತಿರೋದು ಆ ಒಂದೂವರೆ ಗಂಟೆಯಲ್ಲಿ, ಇಡೀ ದಿನದಲ್ಲಿ ಅಲ್ಲ. ಯಾವ ವ್ಯವಸ್ಥೆ ನೋಡಿದ್ರೂ ಮೊದಲು ಕೇಳಬೇಕಾದ್ದು ‘ಅವರು ಬಾಗಿಲು ಹಾಕಿದ ಮೇಲೆ ನಾನು ಬರೋವರೆಗೆ ಮಗು ಎಲ್ಲಿ?’ ಅಂತ.

ಮಾಲೀಕರು ಒಪ್ಪದಿದ್ರೆ, ನಿಮ್ಮ ಬೀದಿಯಲ್ಲೇ ಒಬ್ಬ ಹೆಂಗಸು 6ಕ್ಕೆ ಮಗೂನ ಕರ್ಕೊಂಡು ಬಂದು 7.30ರವರೆಗೆ ಇಟ್ಕೊಳ್ಳೋಕೆ ತಿಂಗಳಿಗೆ 1,500ರಿಂದ 2,000 ತಗೊಂಡ್ರೂ ನಿಮಗೆ ಲಾಭವೇ. ಇನ್ನೊಬ್ಬ ತಾಯಿ ಜೊತೆ ಸೇರಿ ಮನೆಯಲ್ಲೇ ಒಬ್ಬ ಆಯಾ ಇಟ್ಕೊಳ್ಳೋದೂ ಉಂಟು. 10,000 ಸಂಬಳ ಅಂದ್ರೆ ತಲಾ 5,000, ಸಮಯವೂ ನಿಮಗೆ ಬೇಕಾದ ಹಾಗೆ. ಆದ್ರೆ ಆಯಮ್ಮ ರಜೆ ಹಾಕಿದ ದಿನ ಇಬ್ಬರು ತಾಯಂದಿರೂ ಮನೇಲಿ. ವಾರದ ರಜೆ, ಹಬ್ಬದ ಇನಾಮು, ಮುಂಗಡ, ಇಷ್ಟನ್ನಾದ್ರೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಡೇಕೇರಿನವರ ಹತ್ರ ಕೇಳಲೇಬೇಕಾದ್ದು: ಮಗು ವಾರಗಟ್ಟಲೆ ಬರದಿದ್ರೆ ಫೀಸು ಕಡಿತ ಇದೆಯಾ, ಏಪ್ರಿಲ್–ಮೇನಲ್ಲೂ ತೆಗೆದಿರ್ತಾರಾ, ಡೆಪಾಸಿಟ್ ವಾಪಸ್ ಬರತ್ತಾ, ಜ್ವರ ಬಿಟ್ಟು ಎಷ್ಟು ಗಂಟೆ ಆದ್ಮೇಲೆ ಸೇರಿಸ್ಕೊಳ್ತಾರೆ, ಒಬ್ಬ ಆಯಾಗೆ ಎಷ್ಟು ಮಕ್ಕಳು. ಗೋಡೆ ಮೇಲಿನ ಕಾರ್ಟೂನು, ಸಿಸಿಟಿವಿ ನೋಡಿ ಮರುಳಾಗಬೇಡಿ.

ಜಡಿಮಳೆ:
ಅಂಗನವಾಡಿ ಬೇಡ ಅನ್ನೋರ ಮಾತಿಗಿಂತ ಅದೊಂದೇ ಸಾಕು ಅನ್ನೋರ ಮಾತು ಹೆಚ್ಚು ಅಪಾಯ. ಶಾಲಾಪೂರ್ವ ಕಲಿಕೆಗೆ ಕೂರಿಸಿಕೊಳ್ಳೋದು 3 ವರ್ಷ ತುಂಬಿದ ಮಕ್ಕಳನ್ನ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಪೌಷ್ಟಿಕ ಆಹಾರ ಕೊಡ್ತಾರೆ, ಅಷ್ಟೆ. ಹಾಗಾಗಿ ನಿಮಗೆ ಇನ್ನು ಮೂರು ತಿಂಗಳು ಬಾಕಿ. ತಾಯಿ ಕಾರ್ಡು, ಜನನ ಪ್ರಮಾಣಪತ್ರ ತಗೊಂಡು ಹೋಗಿ ಹೆಸರು ಈಗಲೇ ಬರೆಸಿ, ಆಹಾರ ಆದ್ರೂ ಬರಲಿ.

3 ತುಂಬಿದ ಮೇಲೆ ಅಂಗನವಾಡಿಯಿಂದ ಮಗೂನ ಕರ್ಕೊಂಡು ಬಂದು ನೀವು ಬರೋವರೆಗೆ ನೋಡ್ಕೊಳ್ಳೋಕೆ ಬೀದಿಯ ಯಾರಾದ್ರೂ 3,500ಕ್ಕೆ ಒಪ್ಪಿದ್ರೆ ಡೇಕೇರಿಗಿಂತ ಅರ್ಧಕ್ಕರ್ಧ ಕಡಿಮೆ. ಸಂಜೆ 4ರ ನಂತರ ಅಂಗನವಾಡಿಯಲ್ಲಿ ಯಾರೂ ಇರಲ್ಲ ಅಂತಲೇ ಲೆಕ್ಕ ಹಾಕಿ. ಕೈ ಕೊಡೋದು ಎಲ್ಲಿ ಅಂದ್ರೆ, ಕಾರ್ಯಕರ್ತೆಯರಿಗೆ ಮತದಾರರ ಪಟ್ಟಿ, ಸಮೀಕ್ಷೆ, ಪೋಲಿಯೊ ಅಂತ ಬೇರೆ ಕೆಲಸ ಬೀಳತ್ತೆ, ಅವತ್ತು ಮಕ್ಕಳನ್ನ ಬೇಗ ಕಳಿಸ್ತಾರೆ. ಆ ಬೀದಿಯ ಹೆಂಗಸಿನ ನಂಬರು ಅಂಗನವಾಡಿಯಲ್ಲಿ ಕೊಟ್ಟಿರಿ.

ಎರಡನೇದು ಮಳೆ ರಜೆ. ಜುಲೈ–ಆಗಸ್ಟ್‌ನಲ್ಲಿ ರಜೆ ಘೋಷಣೆ ಹಿಂದಿನ ರಾತ್ರಿಯೋ ಅವತ್ತು ಬೆಳಿಗ್ಗೆಯೋ ಬರತ್ತೆ, ಅದರಲ್ಲಿ ಅಂಗನವಾಡಿನೂ ಸೇರಿರತ್ತೆ. ಹೊಸನಗರ, ತೀರ್ಥಹಳ್ಳಿ, ಸಾಗರದಷ್ಟು ಶಿವಮೊಗ್ಗ ತಾಲ್ಲೂಕಿಗೆ ಬರಲ್ಲ, ಆದ್ರೂ ಬರತ್ತೆ. ಮಂಡಿಗೆ ಮಳೆ ರಜೆ ಇಲ್ಲ. ಆ ದಿನಗಳಿಗೆ ದಿನದ ಲೆಕ್ಕದಲ್ಲಿ ಮಗೂನ ಇಟ್ಕೊಳ್ಳೋ ಡೇಕೇರ್ ಒಂದನ್ನ ಜೂನ್ ಮೊದಲೇ ಗೊತ್ತು ಮಾಡ್ಕೊಳ್ಳಿ. ಮಳೆ ಹಿಡಿದ ಮೇಲೆ ಕೇಳಿದ್ರೆ ಜಾಗ ಇಲ್ಲ ಅಂತಾರೆ.

ಇನ್ನೊಂದು ಸಣ್ಣ ಖರ್ಚು ಯಾರೂ ಬರ್ಕೊಳ್ಳಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಟ್ಟೆ ಒಣಗಲ್ಲ. ಬೇಸಿಗೆಯಲ್ಲಿ ಮೂರು ಜೊತೆ ಚಡ್ಡಿಯಲ್ಲಿ ಮುಗಿಯೋದು ಮಳೆಗಾಲದಲ್ಲಿ ಎಂಟು ಜೊತೆ ಬೇಡತ್ತೆ, ಇಲ್ಲ ಡೈಪರ್. ದಿನಕ್ಕೆ ಮೂರು, ಒಂದಕ್ಕೆ 12 ರೂಪಾಯಿ ಅಂದ್ರೂ 26 ದಿನಕ್ಕೆ 936. ಮಳೆ ಹಿಡಿಯೋ ಮೊದಲೇ ಡೈಪರ್ ಬಿಡಿಸಿದ್ರೆ ಆ ದುಡ್ಡು ಉಳೀತು.

ಗಾಜನೂರು:
ಗಾರ್ಮೆಂಟ್ಸ್ ವಿಷಯ. 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗೂನ ನೋಡೋಕೆ ಬಿಡಬೇಕು. 2017ರ ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿಯಲ್ಲಿ ಬಂದ ನಿಯಮ ಇದು, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಮಂಡಿಯಲ್ಲಿ ಅಷ್ಟು ಜನ ಇರಲ್ಲ, ಹಾಗಾಗಿ ಅಲ್ಲಿ ಕೇಳೋ ಹಕ್ಕಿಲ್ಲ. ಆದ್ರೆ ಫ್ಯಾಕ್ಟರಿ ಸಂಬಳ ಕೇಳುವಾಗ ಪಿಎಫ್, ಇಎಸ್ಐ ಕಳೆದು ಕೈಗೆ ಬರೋದು ಎಷ್ಟು ಅಂತ ಕೇಳಿ. ಕಂಪನಿ ಬಸ್ಸಿನಲ್ಲಿ ಮಗೂನ ಕೂರಿಸ್ತಾರಾ, ಓವರ್‌ಟೈಮ್ ದಿನ ಕೇಂದ್ರ ತೆಗೆದಿರತ್ತಾ, ಇವೆರಡಕ್ಕೂ ಹೌದು ಅಂತ ಉತ್ತರ ಬಂದ್ರೆ ಮಾತ್ರ ಯೋಚಿಸಿ. ಅಕೌಂಟ್ಸ್ ಕಲಿತವರು ಹೊಲಿಗೆ ಲೈನಿಗೆ ಹೋದ್ರೆ ಮಗು ಶಾಲೆಗೆ ಸೇರಿದ ಮೇಲೆ ವಾಪಸ್ ಬರೋದು ಕಷ್ಟ, ಅದನ್ನೂ ತೂಗಿ ನೋಡಿ.

ವಕಾಲತ್ತು:
ಮಗುವಿನ ಖರ್ಚನ್ನು ನೀವೊಬ್ಬರೇ ಹೊರಬೇಕೆಂದು ಎಲ್ಲಿಯೂ ಬರೆದಿಲ್ಲ. ಜೀವನಾಂಶ ಕೇಳಲು ವಿಚ್ಛೇದನ ಆಗಿರಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ (ಹಿಂದಿನ ಸಿಆರ್‌ಪಿಸಿ 125) ನೀವು ಈಗ ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನೂ ಜೊತೆಗೇ ಹಾಕಿ. ನೋಟಿಸ್ ತಲುಪಿದ 60 ದಿನಗಳಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಆ ‘ಸಾಧ್ಯವಾದಷ್ಟು’ ಎಂಬುದರಲ್ಲೇ ತಿಂಗಳುಗಳು ಹೋಗುತ್ತವೆ, ಆದ್ದರಿಂದ ಇದನ್ನು ನೆಚ್ಚಿಕೊಂಡು ಬಜೆಟ್ ಮಾಡಬೇಡಿ. ಆದರೆ ತಡಮಾಡಲೂ ಬೇಡಿ: ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ.

ಅದೇ ತೀರ್ಪಿನಂತೆ ಇಬ್ಬರೂ ಆದಾಯ, ಖರ್ಚಿನ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಡೇಕೇರಿಗೆ ನಗದು ಕೊಡಬೇಡಿ. ಮಗುವಿನ ಹೆಸರು, ತಿಂಗಳು ಇರುವ ರಸೀದಿ ಪಡೆಯಿರಿ, ಹಣ ಫೋನ್‌ಪೇಯಲ್ಲೋ ಬ್ಯಾಂಕಿನಿಂದಲೋ ಹೋಗಲಿ. ಆದೇಶವಾದ ಮೇಲೆ ಆತ ಬಾಕಿ ಉಳಿಸಿಕೊಂಡರೆ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಕೊಟ್ಟಾರು ಎಂದು ಕಾದು ಈ ಗಡುವು ತಪ್ಪಿಸಿಕೊಳ್ಳುವವರೇ ಹೆಚ್ಚು. ವಕೀಲರ ಫೀಸಿಗೆ ಹೆದರಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವು ಇದೆ.

ಡೇಕೇರಿನಲ್ಲಿ ಮಗುವನ್ನು ಯಾರ ಕೈಗೆ ಒಪ್ಪಿಸಬಹುದು ಎಂಬ ಪಟ್ಟಿಯನ್ನು ಫೋಟೊ ಸಮೇತ ಬರೆದುಕೊಡಿ. ನಿಮ್ಮ ಪರಿಸ್ಥಿತಿಯಲ್ಲಿ ಇದು ಫೀಸಿಗಿಂತ ಮುಖ್ಯ.

ಕಿರ್ದಿ ಖಾತೆ:
ಸರ್ಕಾರಿ ದುಡ್ಡಿನ ಬಗ್ಗೆ ಒಂದೆರಡು ಮಾತು. ಮಿಷನ್ ವಾತ್ಸಲ್ಯ ಅಂತ ಕಷ್ಟದಲ್ಲಿರೋ ಮಕ್ಕಳ ಯೋಜನೆ ಇದೆ, ಅದರ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ಇದೆ, ಆದ್ರೆ ನಗರದಲ್ಲಿ ವರ್ಷದ ಆದಾಯ 96,000 ದಾಟಬಾರದು. ನಿಮ್ಮದು 2,16,000, ಅಲೀಬೇಡಿ. ಕೂಸಿನ ಮನೆ ಅನ್ನೋ ಶಿಶುಪಾಲನಾ ಕೇಂದ್ರ ಗ್ರಾಮ ಪಂಚಾಯಿತಿಯ ಕೂಲಿಕಾರರ ಮಕ್ಕಳಿಗೆ, ಅದೂ ಆಗಲ್ಲ. ಗೃಹಲಕ್ಷ್ಮಿಯ 2,000 ಬರೋದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರೋರಿಗೆ. ನಿಮ್ಮ ಹೆಸರು ಇನ್ನೂ ಅತ್ತೆ ಮನೆ ಕಾರ್ಡಿನಲ್ಲೇ ಇದ್ರೆ ಅವರ ಖಾತೆಗೆ ಹೋಗ್ತಿರತ್ತೆ. ಹೆಸರು ತೆಗೆಸಿ ಬೇರೆ ಕಾರ್ಡಿಗೆ ಅರ್ಜಿ ಹಾಕಿ. ಗಂಡ ತೆರಿಗೆ ಅಥವಾ ಜಿಎಸ್‌ಟಿ ಕಟ್ಟೋರಾದ್ರೆ ಅಲ್ಲೂ ತೊಡಕಿದೆ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮೂರಲ್ಲಿ ಖಾಸಗಿ ಬಸ್ಸೇ ಜಾಸ್ತಿ ಅಂತ ನಿಮಗೇ ಗೊತ್ತು.

ಬೊಮ್ಮನಕಟ್ಟೆ ಅಮ್ಮ:
ಎಲ್ಲರಿಗೂ ಧನ್ಯವಾದ. 5.30ಕ್ಕೆ ಬಿಡಿ ಅಂತ ಸಾಹುಕಾರ್ರ ಹತ್ರ ಕೇಳಿದ್ರೆ ಕೆಲಸವೇ ಬೇಡ ಅಂದುಬಿಟ್ರೆ?

ಕಿರ್ದಿ ಖಾತೆ:
ಸೇರೋ ಮೊದಲೇ ಕೇಳಿ, ಸೇರಿದ ಮೇಲೆ ಅದು ದೂರು ಅನ್ನಿಸತ್ತೆ. ಮಗುವಿನ ಕಷ್ಟ ಹೇಳ್ಕೋಬೇಡಿ, ಕೆಲಸದ ಮಾತಾಡಿ. ಮಂಡಿಯಲ್ಲಿ ಸಂಜೆ ತಡ ಆಗೋದು ಟೆಂಡರ್ ದರ ಬಂದಮೇಲೆ ರೈತರಿಗೆ ಪಟ್ಟಿ, ಅಂದ್ರೆ ಮಾರಾಟದ ಲೆಕ್ಕದ ಚೀಟಿ, ಬರೆಯೋಕೆ. ಕಂಪ್ಯೂಟರಿನ ಟ್ಯಾಲಿ ಲೆಕ್ಕಕ್ಕೆ ಏರಿಸೋದು, ಜಿಎಸ್‌ಟಿ, ಬ್ಯಾಂಕ್ ತಾಳೆ ನೋಡೋದು ಮರುದಿನ ಬೆಳಿಗ್ಗೆ ಆದ್ರೂ ನಡೆಯತ್ತೆ. ‘ಪಟ್ಟಿ ಬರೆಯೋಕೆ ಗುಮಾಸ್ತರಿದ್ದಾರೆ, ಏರಿಸೋ ಕೆಲಸ ಬೆಳಿಗ್ಗೆ 9ಕ್ಕೇ ಬಂದು ಮುಗಿಸ್ತೀನಿ’ ಅನ್ನಿ. ಅದಕ್ಕೆ ಮೊದಲು ಡೇಕೇರ್ 8.45ಕ್ಕೆ ತೆಗೆಯತ್ತಾ ನೋಡ್ಕೊಳ್ಳಿ. ಸುಗ್ಗಿ ಹೊತ್ತಲ್ಲಿ ವಾರಕ್ಕೆ ಎರಡು ದಿನ 7ರವರೆಗೆ ಇರ್ತೀನಿ ಅಂತಲೂ ಸೇರಿಸಿ. ಎರಡು ದಿನ ಅಂದ್ರೆ ವಾರಕ್ಕೆ 240 ರೂಪಾಯಿ, ಅಷ್ಟನ್ನ ಸಂಬಳದ ಮೇಲೆ ಕೇಳಿ. ಸಂಬಳ ಇಳಿಸೋ ಮಾತು ನೀವಾಗಿ ತೆಗೀಬೇಡಿ, ಅವರೇ ತೆಗೆದ್ರೆ 16,000ಕ್ಕಿಂತ ಕೆಳಗೆ ಒಪ್ಪಬೇಡಿ.