1947ರ ನಂತರ ಕಲಾವಿದರಿಗೆ ಸರ್ಕಾರದ ದುಡ್ಡು ಯಾವ ದಾರಿಯಲ್ಲಿ ಬಂತು?

ಬಸವನಗುಡಿ_ಓದುಗ:
ಇಲ್ಲೇ ಬೆಂಗಳೂರಿನ ಕಾಲೇಜೊಂದರ ಪ್ರದರ್ಶನಕ್ಕೆ ‘ಹೊಸ ದೇಶ, ಕಲೆ, ಸರ್ಕಾರ’ ಅಂತ ನಾಲ್ಕು ಫಲಕ ಮಾಡಬೇಕು. ಎಲ್ಲಿ ಹುಡುಕಿದರೂ ‘ಅಕಾಡೆಮಿ ಸ್ಥಾಪನೆಯಾಯಿತು’ ಅನ್ನುವಲ್ಲಿಗೆ ನಿಲ್ಲುತ್ತದೆ. ದುಡ್ಡು ಹೇಗೆ ಹಂಚಿಕೆಯಾಯಿತು? ನಮ್ಮೂರಲ್ಲಿ ತೋರಿಸುವಂಥದ್ದು ಏನಿದೆ?

ಕುಂಚ_ಕಾಗದ:
ಮೊದಲು ಎರಡು ಸಂಸ್ಥೆಗಳನ್ನು ಬೇರೆ ಮಾಡಿಕೊಳ್ಳಿ, ಫಲಕಗಳಲ್ಲಿ ತಪ್ಪಾಗುವುದೇ ಇಲ್ಲಿ. ದೆಹಲಿಯ ಜೈಪುರ ಹೌಸ್‌ನಲ್ಲಿ 1954ರ ಮಾರ್ಚ್‌ನಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಕೃತಿಗಳನ್ನು ಕೊಂಡು ಕಾಪಾಡುವ ಸರ್ಕಾರಿ ಸಂಸ್ಥೆ. ಹರ್ಮನ್ ಗೋಯೆಟ್ಜ್ ಅದರ ಮೊದಲ ಮುಖ್ಯಸ್ಥರು. ಅದೇ ವರ್ಷ ಆಗಸ್ಟ್ 5ರಂದು ಮೌಲಾನಾ ಆಜಾದ್ ಉದ್ಘಾಟಿಸಿದ ಲಲಿತ ಕಲಾ ಅಕಾಡೆಮಿ ಹಾಗಲ್ಲ. ಹಣ ಸರ್ಕಾರದ್ದು, ಆಡಳಿತ ಸ್ವಾಯತ್ತ. ಕೆಲಸ ಪ್ರದರ್ಶನ, ಪ್ರಶಸ್ತಿ, ಪ್ರಕಟಣೆ. ಸೊಸೈಟಿಯಾಗಿ ನೋಂದಣಿ ಆದದ್ದು 1957ರಲ್ಲಿ, ಹಾಗಾಗಿ ಎರಡು ಇಸವಿ ಕಂಡರೆ ಗಾಬರಿಯಾಗಬೇಡಿ.

ಸ್ವಾಯತ್ತತೆಯೇ ಜಗಳಕ್ಕೂ ಮೂಲವಾಯಿತು. ಮಂಡಳಿಯಲ್ಲಿ ಯಾರು ಕೂರಬೇಕು, ಪ್ರಶಸ್ತಿ ಯಾರು ಹಂಚಬೇಕು ಎಂಬ ತಕರಾರು ಬೆಳೆದು, ಸಾಹಿತ್ಯ, ಸಂಗೀತ ನಾಟಕ, ಲಲಿತ ಕಲಾ ಈ ಮೂರೂ ಅಕಾಡೆಮಿಗಳ ಪರಿಶೀಲನೆಗೆ ಸರ್ಕಾರದ ಖೋಸ್ಲಾ ಸಮಿತಿ ಬಂತು, ವರದಿ 1972ರದ್ದು.

ಇವೆರಡಕ್ಕೂ ಮೊದಲೇ ಸರ್ಕಾರ ನೇರವಾಗಿ ಕೆಲಸ ವಹಿಸಿತ್ತು. ಸಂವಿಧಾನದ ಮೂಲಪ್ರತಿಯ ಅಲಂಕಾರ ಚಿತ್ರಕಾರ ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಶಿಷ್ಯರದ್ದು, ಇಂಗ್ಲಿಷ್ ಕೈಬರಹ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರದ್ದು, ಮುದ್ರಣ ಡೆಹ್ರಾಡೂನ್‌ನ ಸರ್ವೆ ಆಫ್ ಇಂಡಿಯಾದಲ್ಲಿ. ಒಂದು ಫಲಕ ಇದಕ್ಕೇ ಇಡಿ.

ಉಳಿ_ಸುತ್ತಿಗೆ:
ಕೆಲಸ ವಹಿಸುವುದು ಎಲ್ಲಿ ಕೈಕೊಡುತ್ತದೆ ಎಂದು ತೋರಿಸಲು ದೆಹಲಿಯ ರಿಸರ್ವ್ ಬ್ಯಾಂಕ್ ಬಾಗಿಲಲ್ಲಿರುವ ಶಿಲ್ಪಿ ರಾಮ್‌ಕಿಂಕರ್ ಬೈಜ್ ಅವರ ಯಕ್ಷ-ಯಕ್ಷಿ ಕಲ್ಲಿನ ಶಿಲ್ಪಗಳು ಸಾಕು. ಸಾರ್ವಜನಿಕ ಕಟ್ಟಡಗಳಲ್ಲಿ ಕಲಾವಿದರಿಗೆ ಕೆಲಸ ಕೊಡಿ ಎಂಬುದು ನೆಹರೂ ಸಲಹೆ. ಮಾದರಿ ಒಪ್ಪಿಗೆಯಾದದ್ದು ಐವತ್ತರ ದಶಕದಲ್ಲಿ, ಶಿಲ್ಪ ನಿಂತದ್ದು 1967ರ ಹೊತ್ತಿಗೆ. ಬೇಕಾದ ಅಳತೆಯ ಕಲ್ಲನ್ನು ಕಾಂಗ್ಡಾ ಕಣಿವೆಯ ಬೈಜನಾಥದ ಕಡೆಯಿಂದ ತರಬೇಕಿತ್ತು. ಗಣಿಯಲ್ಲಿ ಸಿಗುವ ಬಂಡೆಯ ಗಾತ್ರ, ಸಾಗಣೆ ಎರಡನ್ನೂ ಮಾದರಿ ಒಪ್ಪುವ ಮೊದಲೇ ನೋಡದಿದ್ದರೆ ಅಂದಾಜುಪಟ್ಟಿ ಬರೀ ಕಾಗದ. ಕೊನೆಗೆ ನಿಂತಾಗ ಯಕ್ಷಿ ಬೆತ್ತಲೆ ಎಂದು ರಾಜ್ಯಸಭೆಯಲ್ಲಿ ಆಕ್ಷೇಪ ಬೇರೆ!

ಬಸವನಗುಡಿ_ಓದುಗ:
ಧನ್ಯವಾದ. ಬೆಂಗಳೂರಿನದು?

ಕಬ್ಬನ್_ಕಲ್ಲುಬೆಂಚು:
ದೆಹಲಿಯ ಆ ರಾಷ್ಟ್ರೀಯ ಗ್ಯಾಲರಿಯ ಶಾಖೆ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿಗೆ ಬಂದದ್ದು 2009ರಲ್ಲಿ, 55 ವರ್ಷ ತಡವಾಗಿ. ಅಷ್ಟರಲ್ಲಿ ರಾಜ್ಯ ತನ್ನ ದಾರಿ ಹಿಡಿದಿತ್ತು: 1964ರಲ್ಲಿ ರಾಜ್ಯದ ಲಲಿತಕಲಾ ಅಕಾಡೆಮಿ, ಆಮೇಲೆ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ. ಚಿತ್ರಕಾರ ಕೆ. ವೆಂಕಟಪ್ಪ ಮೈಸೂರು ಅರಮನೆಯ ನೆರವಿನಿಂದ ಕಲ್ಕತ್ತಾದಲ್ಲಿ ಕಲಾವಿದ ಅವನೀಂದ್ರನಾಥ ಠಾಕೂರರ ಬಳಿ ಕಲಿತು, 1965ರಲ್ಲಿ ತೀರಿಕೊಂಡವರು. ಅರಮನೆಯ ಪೋಷಣೆ ಮುಗಿದು ಇಲಾಖೆಯ ಪೋಷಣೆ ಶುರುವಾದದ್ದನ್ನು ಅವರೊಬ್ಬರ ಮೂಲಕವೇ ತೋರಿಸಬಹುದು. ಆ ಚಿತ್ರಶಾಲೆಯ ಜಲವರ್ಣಗಳನ್ನು ನೋಡಲು ಹೋದರೆ ಮಂದ ಬೆಳಕಿಗೆ ಬೇಸರಪಡಬೇಡಿ. ಕಾಗದದ ಕೃತಿಗೆ 50 ಲಕ್ಸ್ (ಬೆಳಕಿನ ಅಳತೆ) ದಾಟಿಸಬಾರದು, ಬಣ್ಣ ಹಾರುತ್ತದೆ.

ನಾಲ್ಕನೇ ಫಲಕಕ್ಕೆ ನಾನಾದರೆ ವಿಧಾನಸೌಧ ಹಾಕುತ್ತಿದ್ದೆ. 1956ರಲ್ಲಿ ಮುಗಿದ ಆ ಕಟ್ಟಡದಲ್ಲಿ ಸುಮಾರು 1,500 ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ದುಡಿದರು ಎನ್ನುತ್ತಾರೆ. ಕಂಬ, ಬೋದಿಗೆ (ಕಂಬದ ತಲೆಯ ಕೆತ್ತನೆ), ಚಂದನದ ಬಾಗಿಲು ಎಲ್ಲವೂ ಕೈಕೆತ್ತನೆಯೇ. ಆದರೆ ಆ ಖರ್ಚು ಬಿದ್ದದ್ದು ಲೋಕೋಪಯೋಗಿ ಲೆಕ್ಕಕ್ಕೆ. ಹೀಗಾಗಿ ‘ಕಲೆಗೆ ಸರ್ಕಾರದ ನೆರವು’ ಅನ್ನುವ ಪಟ್ಟಿಗಳಲ್ಲಿ ಅದು ಬರುವುದೇ ಇಲ್ಲ.

ಉಳಿ_ಸುತ್ತಿಗೆ:
ಫೋಟೊ ತೆಗೆಯುವುದಾದರೆ ಬೋದಿಗೆಗಳನ್ನು ಬೆಳಿಗ್ಗೆ ತೆಗೆಯಿರಿ. ಎದುರುಮುಖ ಪೂರ್ವಕ್ಕಿದೆ, ಮಧ್ಯಾಹ್ನದ ಮೇಲೆ ಕೆತ್ತನೆ ನೆರಳಲ್ಲಿ ಚಪ್ಪಟೆ ಕಾಣುತ್ತದೆ.