ಪೆರ್ಲ (ಕೇರಳದ ಕಾಸರಗೋಡು) ಹತ್ರದ ನಮ್ಮ ಗುಡ್ಡೆಯ ನೆಟ್ವರ್ಕ್, ವೈಫೈ ವಿಷಯ – ಎಲ್ರೂ ಓದಿ

ಕೆಳಮನೆ ಅಕ್ಕ, ಶನಿವಾರ ರಾತ್ರಿ 11:20
ಯಾರಿಗಾದ್ರೂ ನೆಟ್ ಬರ್ತಾ ಉಂಟಾ ಮಾರಾಯ್ರೆ? ಮಾವ ಸಂಜೆಯಿಂದ ಕಾದು ಕೂತದ್ದು ಯಕ್ಷಗಾನದ ಲೈವ್ ಆಟ ನೋಡ್ಲಿಕ್ಕೆ, ಭಾಗವತರ ಪದ ಎಲ್ಲ ಚಂದ ಕೇಳ್ತಾ ಇತ್ತು, ಮಹಿಷಾಸುರ ದೊಂದಿ ಬೆಂಕಿಯಲ್ಲಿ ಸಭೆಯ ನಡುವಿಂದ ಬರ್ಲಿಕ್ಕೂ ಚಿತ್ರ ಎಲ್ಲ ಚೌಕ ಚೌಕ ಆಗಿ ಮತ್ತೆ ರೌಂಡ್ ತಿರುಗ್ಲಿಕ್ಕೂ ಸರೀ ಆಯ್ತು. ಮಾವ ಫೋನ್ ಮಗುಚಿ ಹಾಕಿ ಮಲಗಿದ್ರು. ಮೇಲೆ ನೋಡಿದ್ರೆ ನಾಲ್ಕೂ ಕಡ್ಡಿ ಉಂಟು, ಎಂತಕ್ಕೆ ಅದು?

ಗುಡ್ಡೆಮನೆ ಭಟ್ರು, 11:24
ನಮ್ಮಲ್ಲೂ ಅದೇ ಕತೆ. ಎರಡು ಸಲ ಸಿಮ್ ಬದಲಿಸಿ ಆಯ್ತು.

ಅಂಗಡಿ ಕಾಕ, 11:25
ಇಲ್ಲಿ ರೋಡ್ ಬದಿ ಒಳ್ಳೆದುಂಟು. ಅಂಗಡಿಗೆ ಬನ್ನಿ, ಚಾ ಕೊಡ್ತೇನೆ

ದುಬೈ ಶೆಟ್ರು, 11:31
ಮೊಬೈಲ್ ಡೇಟಾದಲ್ಲಿ ಎಂತ ಆಟ ನೋಡುದು, ಎಲ್ರೂ ಮನೆಗೆ ವೈಫೈ ಹಾಕಿಸಿ. ನಾನು ಇಲ್ಲಿ ರೂಮಲ್ಲಿ ಕೂತು ಅದೇ ಲೈವ್ ನೋಡಿದೆ, ದೊಂದಿ ಹೊತ್ತಿಗೆ ಸ್ವಲ್ಪ ಮಸುಕಾದದ್ದು ಹೌದು, ಆದ್ರೆ ನಿಲ್ಲಲಿಲ್ಲ.

ಮಾಷ್ಟ್ರು (ಅಡ್ಮಿನ್), ಭಾನುವಾರ ಬೆಳಿಗ್ಗೆ 6:40
ಎಲ್ಲರಿಗೂ ನಮಸ್ಕಾರ. ನೆಟ್ವರ್ಕ್ ವಿಷಯ ಪ್ರತಿ ವಾರ ಬರ್ತದೆ, ಎಲ್ರೂ ಬೈದು ಮಲಗ್ತೇವೆ, ಮುಂದಿನ ಶನಿವಾರ ಪುನಃ ಅದೇ. ಈ ಸಲ ಒಂದು ತೀರ್ಮಾನ ಮಾಡುವಾ. ಒಂದೇ ವಿನಂತಿ, ಯಾವ ಕಂಪೆನಿ ಹೆಸರೂ ಇಲ್ಲಿ ಹಾಕ್ಬೇಡಿ, ಸ್ಕ್ರೀನ್‌ಶಾಟ್ ಹೊರಗೆ ಹೋಗಿ ಸುಮ್ಮನೆ ರಗಳೆ. ಕೊನೆಮನೆ ಇಂಜಿನಿಯರ್ ಎದ್ದಿದ್ದರೆ ಸ್ವಲ್ಪ ಹೇಳಲಿ. 2020ರ ಲಾಕ್‌ಡೌನಲ್ಲಿ ದೊಡ್ಡ ದೊಡ್ಡ ಆಪ್‌ನವರೆಲ್ಲ ಸೇರಿ ಮೊಬೈಲ್ ನೆಟ್ವರ್ಕಲ್ಲಿ 480ಪಿ ಅನ್ನುವ ಸಾಧಾರಣ ಚಿತ್ರದ ಕ್ವಾಲಿಟಿಗಿಂತ ಮೇಲೆ ಕೊಡುದಿಲ್ಲ ಅಂತ ಒಪ್ಪಿದ್ದು ನನಗೆ ನೆನಪುಂಟು, ಅದು ಈಗಲೂ ಉಂಟೋ ಹೇಗೆ?

ಕೊನೆಮನೆ ಇಂಜಿನಿಯರ್, 8:15
ಇಲ್ಲ ಮಾಷ್ಟ್ರೇ, ಅದು ಆ ವರ್ಷದ ಏಪ್ರಿಲ್ 14ರ ತನಕ ಅಂತ ಮಾಡಿದ್ದು. ಈಗ ಇರುದು ನಮ್ಮ ಫೋನಿನ ಒಳಗಿನದ್ದೇ ಸೆಟ್ಟಿಂಗ್. ಯೂಟ್ಯೂಬಲ್ಲಿ ಮೊಬೈಲ್ ನೆಟ್ವರ್ಕಿಗೆ ಬೇರೆ, ವೈಫೈಗೆ ಬೇರೆ ಕ್ವಾಲಿಟಿ ಇಡ್ಲಿಕ್ಕೆ ಆಗ್ತದೆ, ಡೇಟಾ ಸೇವರ್ ಇದ್ದರೆ ಮೊಬೈಲಲ್ಲಿ ಮಸುಕೇ ಬರುದು. ಮೊದಲು ಅದನ್ನು ನೋಡಿ ಎಲ್ರೂ.

ಈಗ ಅಕ್ಕ ಕೇಳಿದ ಕಡ್ಡಿ ವಿಷಯ. ಕಡ್ಡಿ ಅಂದ್ರೆ ಟವರಿನ ಸಿಗ್ನಲ್ ಫೋನಿಗೆ ಎಷ್ಟು ಜೋರಾಗಿ ಸಿಗ್ತದೆ ಅಂತ ಮಾತ್ರ, ಆ ಟವರಲ್ಲಿ ನಮಗೆ ಜಾಗ ಎಷ್ಟು ಉಳಿದಿದೆ ಅಂತ ಅದು ಹೇಳುದಿಲ್ಲ. ಜಾತ್ರೆ ದಿನ ಬಸ್ಸು ಎದುರಿಗೇ ನಿಂತಿರ್ತದೆ, ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ ನೋಡಿ, ಹಾಗೆ. ರಾತ್ರಿ 8ರಿಂದ 11ರ ತನಕ ಈ ಗುಡ್ಡೆ, ಆಚೆ ಗುಡ್ಡೆ, ಪೇಟೆ ಎಲ್ಲ ಒಂದೇ ಟವರಿಗೆ ನೇತಾಡ್ತಾ ಇದೆ.

ವಿಡಿಯೋ ಒಂದೇ ಉದ್ದಕ್ಕೆ ಬರುದಲ್ಲ, ನಾಲ್ಕೈದು ಸೆಕೆಂಡಿನ ತುಂಡು ತುಂಡಾಗಿ ಬರುದು, ಪ್ರತಿ ತುಂಡೂ ಬೇರೆ ಬೇರೆ ಕ್ವಾಲಿಟಿಯಲ್ಲಿ ರೆಡಿ ಇರ್ತದೆ, ಸ್ಪೀಡ್ ನೋಡಿ ಆಪ್ ಆರಿಸ್ತದೆ. 1080ಪಿ ಅಂದ್ರೆ ಪೂರ್ತಿ ಎಚ್‌ಡಿಗೆ ಸುಮಾರು 5 ಎಂಬಿಪಿಎಸ್ ಸ್ಪೀಡ್ ಬೇಕು, 480ಪಿಗೆ ಒಂದು ಒಂದೂವರೆ ಸಾಕು. ಇನ್ನೊಂದು, ಚಿತ್ರದಲ್ಲಿ ಹೆಚ್ಚು ಬದಲಾಗದಿದ್ರೆ ಕಮ್ಮಿ ಡೇಟಾದಲ್ಲಿ ಸುಧಾರಿಸ್ತದೆ. ತಾಳಮದ್ದಳೆ ಇದ್ದರೆ ಯಾರಿಗೂ ತೊಂದರೆ ಆಗುದಿಲ್ಲ, ಕೂತಲ್ಲೇ ಮಾತು. ಮಹಿಷಾಸುರ ಬರುವಾಗ ಬೆಂಕಿ, ಕಿಡಿ, ಹೊಗೆ, ಜನ ಎದ್ದು ನಿಲ್ಲುದು, ಕ್ಯಾಮೆರಾ ಓಡುದು, ಒಂದೊಂದು ಫ್ರೇಮೂ ಹೊಸತು. ಅದಕ್ಕೇ ಸರಿಯಾಗಿ ಆ ಹೊತ್ತಿಗೇ ಚೌಕ ಚೌಕ ಆಗುದು, ಮಾವನ ಗ್ರಹಚಾರ ಅಲ್ಲ. ಶೆಟ್ರಿಗೆ ದುಬೈಯಲ್ಲೂ ಮಸುಕಾದದ್ದು ಅಂದ್ರೆ ಅಷ್ಟು ಮಟ್ಟಿಗೆ ಆಟದ ಗದ್ದೆಯಿಂದ ಕಳಿಸುವವರ ಕಡೆಯೇ ವೀಕ್ ಇತ್ತು, ಅವರೂ ಮೊಬೈಲ್ ನೆಟ್ಟಲ್ಲೇ ಲೈವ್ ಕೊಡುದಾಗಿರಬಹುದು, ಅದಕ್ಕೆ ನಾವಿಲ್ಲಿ ಯಾವ ವೈಫೈ ಹಾಕಿದ್ರೂ ಮದ್ದಿಲ್ಲ. ಆದ್ರೆ ರೌಂಡ್ ತಿರುಗಿದ್ದು ನಮ್ಮದೇ.

ಅಕ್ಕ, ನಿಮ್ಮ ಡೇಟಾ ಮುಗಿದ ಮೆಸೇಜ್ ಏನಾದ್ರೂ ಬಂದಿತ್ತಾ ನೋಡಿ.

ಕೆಳಮನೆ ಅಕ್ಕ, 8:32
ಅಯ್ಯೋ ಹೌದು ಮಾರಾಯಾ, 10:58ಕ್ಕೆ ಬಂದಿದೆ. 1.5 ಜಿಬಿ ಪೂರಾ ಖಾಲಿ. ಮಧ್ಯಾಹ್ನ ಮಗಳು ಕೂತು ರೀಲ್ಸ್ ನೋಡಿದ್ದು

ಕೊನೆಮನೆ ಇಂಜಿನಿಯರ್, 8:34
ಮುಗಿದ ಮೇಲೆ 64 ಕೆಬಿಪಿಎಸ್‌ಗೆ ಇಳಿಸ್ತಾರೆ, ಅದರಲ್ಲಿ ಗುಡ್ ನೈಟ್ ಮೆಸೇಜ್ ಹೋಗ್ತದೆ ಅಷ್ಟೆ. ಒಂದು ಗಂಟೆ ಎಚ್‌ಡಿ ನೋಡಿದ್ರೆ ಎರಡು ಮೂರು ಜಿಬಿ ಬೇಕು, ರಾತ್ರಿಯಿಡೀ ಇಲ್ಲದ ಕಾಲಮಿತಿ ಆಟ ಆದ್ರೂ ಯಾವ ದಿನದ ಪ್ಯಾಕೂ ತಡೆಯುದಿಲ್ಲ.

ಗುಡ್ಡೆಮನೆ ಭಟ್ರು, 8:50
ನನ್ನದು 5ಜಿ ಅನ್‌ಲಿಮಿಟೆಡ್ ಪ್ಯಾಕ್. ನನಗೆ ಎಂತಕ್ಕೆ ನಿಲ್ಲುದು ಹಾಗಾದ್ರೆ? ಕಸ್ಟಮರ್ ಕೇರಿಗೆ ಮಾಡಿದ್ರೆ ಮಲಯಾಳಕ್ಕೆ ಒಂದು ಒತ್ತಿ ಹಿಂದಿಗೆ ಎರಡು ಒತ್ತಿ, ಕನ್ನಡದ್ದು ಬರ್ಲಿಕ್ಕೇ ಇಲ್ಲ, ಕೊನೆಗೆ ಒಬ್ಬ ಸಿಕ್ಕಿದವ ಫೋನ್ ಆಫ್ ಮಾಡಿ ಆನ್ ಮಾಡಿ ಹೇಳಿದ.

ಕೊನೆಮನೆ ಇಂಜಿನಿಯರ್, 9:05
ಭಟ್ರೇ ನೀವು ಫೋನ್ ನೋಡುದು ಎಲ್ಲಿ, ಒಳಗಿನ ಕೋಣೆಯಲ್ಲಾ? ಒಂದೂವರೆ ಅಡಿ ಮುರಕಲ್ಲ ಗೋಡೆ, ಸುತ್ತ ತೋಟ. 5ಜಿಯ 3300 ಮೆಗಾಹರ್ಟ್ಸ್ ಅಂತ ಇರುವ ರೇಡಿಯೋ ಅಲೆ ಗೋಡೆ ದಾಟ್ಲಿಕ್ಕೆ ಬಹಳ ಕಷ್ಟ ಪಡ್ತದೆ, 700, 900 ಅಂತ ಕೆಳಗಿನ ಬ್ಯಾಂಡ್ ಆದ್ರೆ ದೂರವೂ ಹೋಗ್ತದೆ ಒಳಗೂ ಬರ್ತದೆ, ಸ್ಪೀಡ್ ಮಾತ್ರ ಕಮ್ಮಿ. ಮತ್ತೆ ನಿಮ್ಮ ಮನೆ ಗುಡ್ಡೆಯ ಆ ಬದಿಗೆ, ಪೆರ್ಲದ ಟವರ್ ಮರೆ, ಫೋನ್ ಗಡಿಯಾಚೆ ಕರ್ನಾಟಕದ ಅಡ್ಯನಡ್ಕ ಕಡೆಯದ್ದು ಹಿಡ್ಕೊಂಡು ಒದ್ದಾಡ್ತಾ ಇರಬಹುದು. ಜಗಲಿಗೆ ಬಂದು ಒಮ್ಮೆ ನೋಡಿ.

ಗುಡ್ಡೆಮನೆ ಭಟ್ರು, 9:21
ಜಗಲಿಯಲ್ಲಿ ಸ್ಪೀಡ್ 14 ತೋರಿಸ್ತದೆ, ಒಳಗೆ 1.6. ಈ ಮಳೆಗೆ ಜಗಲಿಯಲ್ಲಿ ಕೂತು ಆಟ ನೋಡ್ಬೇಕಾ ನಾನು

ಮೇಲ್ಮನೆ ಅಮ್ಮ, 9:40
ಶೆಟ್ರು ವೈಫೈ ಹಾಕಿ ಹಾಕಿ ಅಂತ ಹೇಳ್ತಾರೆ, ನಮ್ಮಲ್ಲಿ ಫೈಬರ್ ಉಂಟು, ಚಾವಡಿಯಲ್ಲಿ ಒಳ್ಳೆದು, ಮಲಗುವ ಕೋಣೆಗೆ ಹೋದ್ರೆ ಮೊಬೈಲ್ ಡೇಟಾವೇ ವಾಸಿ. ಕರೆಂಟ್ ಹೋದ್ರೆ ಅದೂ ಇಲ್ಲ. ಜೂನ್ ಜುಲೈಯಲ್ಲಿ ಕರೆಂಟ್ ಇರುದು ಯಾವಾಗ ಹೇಳಿ.

ಕೊನೆಮನೆ ಇಂಜಿನಿಯರ್, 9:48
ಅಮ್ಮಾ ಅದು ಫೈಬರಿನ ತಪ್ಪಲ್ಲ, ರೌಟರ್ ಟಿವಿ ಹಿಂದೆ ಕಪಾಟಿನ ಮೂಲೆಯಲ್ಲಿ ಉಂಟು ನಿಮ್ಮಲ್ಲಿ, ನಾನೇ ನೋಡಿದ್ದೇನೆ. ಅದರಲ್ಲಿ ಎರಡು ಹೆಸರು ಬರ್ತದಲ್ಲ, 5ಜಿ ಅಂತ ಕೊನೆಗೆ ಇರುದು 5 ಗಿಗಾಹರ್ಟ್ಸ್ ವೈಫೈ, ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧ ಇಲ್ಲ, ಅದು ಹತ್ತಿರಕ್ಕೆ ಬಹಳ ಫಾಸ್ಟ್. ಒಳಕೋಣೆಗೆ 2.4ದನ್ನು ಹಿಡೀರಿ. ರೌಟರನ್ನು ನಡುಮನೆಯಲ್ಲಿ ಎತ್ತರಕ್ಕೆ ಇಟ್ರೆ ಅರ್ಧ ಸಮಸ್ಯೆ ಹೋಗ್ತದೆ. ಕರೆಂಟಿಗೆ ರೌಟರಿಗೆ ಮಾತ್ರ ಅಂತ ಸಣ್ಣ 12 ವೋಲ್ಟಿನ ಬ್ಯಾಟರಿ ಸಿಗ್ತದೆ, ಎರಡು ಮೂರು ಗಂಟೆ ಬರ್ತದೆ. ಟವರಿಗೂ ಬ್ಯಾಟರಿ ಮುಗಿದ್ರೆ ಅದೇ ಗತಿ, ಕಂಡಿದ್ದೇವಲ್ಲ.

ಪಿಯುಸಿ ಹುಡುಗ (ಮೇಲ್ಮನೆ), 10:02
ಅಣ್ಣಾ ನನ್ನ ಹಳೆ ಫೋನಲ್ಲಿ ವೈಫೈ 40 ಇದ್ರೂ ಸಿನೆಮಾ ಆಪಲ್ಲಿ ಎಚ್‌ಡಿ ಬರುದಿಲ್ಲ, ಯೂಟ್ಯೂಬಲ್ಲಿ ಬರ್ತದೆ

ಕೊನೆಮನೆ ಇಂಜಿನಿಯರ್, 10:04
ಅದು ವೈಡ್‌ವೈನ್ ಅಂತ ಸಿನೆಮಾ ಕದಿಯದ ಹಾಗೆ ಇರುವ ಲಾಕ್, ಅದರ ಎಲ್1 ಮಟ್ಟ ಇಲ್ಲದ ಫೋನಿಗೆ ಕೆಲವು ಆಪ್‌ನವರು ಎಚ್‌ಡಿ ಕೊಡುದಿಲ್ಲ. ನೆಟ್ಟಿಗೆ ಬೈಬೇಡ. ಓದು ಹೋಗು.

ದುಬೈ ಶೆಟ್ರು, 10:30
ಟವರಿಂದಲೇ ಹಿಡಿಯುವ ಮನೆ ವೈಫೈ ಬಂದಿದೆಯಲ್ಲ, ತಾರಸಿ ಮೇಲೆ ಡಬ್ಬ ಇಡುದು, ಅದು ಹಾಕಿದ್ರೆ ಕೇಬಲ್ ಎಳಿಯುವ ಗೌಜಿ ಇಲ್ಲ

ಕೊನೆಮನೆ ಇಂಜಿನಿಯರ್, 10:33
ಅದೂ ಅದೇ ಟವರ್ ಶೆಟ್ರೇ. ಡಬ್ಬ ಹೊರಗೆ ಇರುವ ಕಾರಣ ಭಟ್ರ ಗೋಡೆ ಸಮಸ್ಯೆಗೆ ಆಗ್ತದೆ, ರಾತ್ರಿಯ ರಶ್ಶಿಗೆ ಆಗುದಿಲ್ಲ.

ಅಂಗಡಿ ಕಾಕ, 10:41
ಒಂದು ಮಾತು ಹೇಳ್ತೇನೆ ಬೇಜಾರ ಮಾಡ್ಬೇಡಿ. ಇಲ್ಲಿಗೇ ಟವರ್ ಹಾಕ್ಲಿಕ್ಕೆ ಬಂದಾಗ ಹಕ್ಕಿ ಸಾಯ್ತದೆ ತೆಂಗು ಉದುರ್ತದೆ ಅಂತ ಸಹಿ ಹಾಕಿ ಓಡಿಸಿದ್ದು ಯಾರು? ಆ ಪೇಪರಲ್ಲಿ ನನ್ನ ಸಹಿಯೂ ಉಂಟು

ಗುಡ್ಡೆಮನೆ ಭಟ್ರು, 10:43
ಅದು ಹಳೆ ವಿಷಯ ಕಾಕ ಬಿಡಿ

ಮಾಷ್ಟ್ರು (ಅಡ್ಮಿನ್), 11:15
ನಾನೂ ಹಾಕಿದ್ದೆ. ಇರಲಿ. ಇಂಜಿನಿಯರ್ ಹತ್ರ ಮಾತಾಡಿ ಹೀಗೆ ಅಂದ್ಕೊಂಡೆವು. ಇವತ್ತಿಂದ ಬುಧವಾರದ ತನಕ ಪ್ರತಿ ಮನೆಯವರು ಬೆಳಿಗ್ಗೆ 6ಕ್ಕೆ ಒಂದು ಸಲ, ರಾತ್ರಿ 9ಕ್ಕೆ ಒಂದು ಸಲ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮೈಸ್ಪೀಡ್ ಆಪಲ್ಲಿ ಸ್ಪೀಡ್ ನೋಡಿ ಬರೀಬೇಕು, ಒಂದೇ ಜಾಗದಲ್ಲಿ ನಿಂತು, ವೈಫೈ ಆಫ್ ಮಾಡಿ. ವೈಫೈ ಇರುವವರು ಅದನ್ನು ಬೇರೆಯೇ ಬರೀರಿ, ರೌಟರ್ ಹತ್ರ ಒಂದು, ಒಳಗೆ ಒಂದು. ಲೈವಲ್ಲಿ ನೋಡ್ಬೇಡಿ, ರೆಕಾರ್ಡ್ ಆದ ಒಂದೇ ವಿಡಿಯೋ ಎಲ್ರೂ ಹಾಕಿ, ಲಿಂಕ್ ಕಳಿಸ್ತೇನೆ. ಯೂಟ್ಯೂಬ್ ಸೆಟ್ಟಿಂಗಲ್ಲಿ ಸ್ಟಾಟ್ಸ್ ಫಾರ್ ನರ್ಡ್ಸ್ ಅಂತ ಉಂಟಂತೆ, ಅದು ಹಾಕಿದ್ರೆ ಎಷ್ಟು ಪಿ ಓಡ್ತಾ ಉಂಟು ಕಾಣ್ತದೆ. ಗೊತ್ತಾಗದವರಿಗೆ ಪಿಯುಸಿ ಹುಡುಗ ಮನೆಗೆ ಬಂದು ತೋರಿಸ್ತಾನೆ.

ಮಾಷ್ಟ್ರು (ಅಡ್ಮಿನ್), ಗುರುವಾರ ಸಂಜೆ 5:10
19 ಮನೆಯಲ್ಲಿ 13 ಮನೆಯವರು ಬರೆದು ಕಳಿಸಿದ್ದಾರೆ, ಉಳಿದವರಿಗೆ ಏನು ಹೇಳುದು. ಕೆಳಮನೆಯಲ್ಲಿ ಒಂದೇ ಕಿಟಕಿ ಹತ್ರ ಬೆಳಿಗ್ಗೆ 22, ರಾತ್ರಿ 1.8. ಅಂದ್ರೆ ಸಿಗ್ನಲ್ ಅಲ್ಲ, ರಶ್ಶು. ಕಂಪೆನಿಗೆ ತೋರಿಸ್ಲಿಕ್ಕೆ ಇದೇ ಬೇಕಾದ್ದು. ಗುಡ್ಡೆಯ ಆ ಬದಿ ಮೂರು ಮನೆಗೆ ಬೆಳಿಗ್ಗೆಯೂ ಒಳಗೆ ಎರಡು ದಾಟಲಿಲ್ಲ, ಅದು ಸಿಗ್ನಲ್ಲೇ. ಅಮ್ಮನಲ್ಲಿ ರೌಟರ್ ಜಾಗ ಬದಲಿಸಿದ ಮೇಲೆ ಒಳಕೋಣೆಯಲ್ಲೂ 1080ಪಿ ಓಡಿದೆ.

ಕಂಪ್ಲೇಂಟ್ ಪ್ರತಿಯೊಬ್ಬರೂ ಅವರವರ ನಂಬರಿಂದ ಕೊಡ್ಬೇಕು, ಕಂಪ್ಲೇಂಟಿಗೆ ಅವರು ಕೊಡುವ ಡಾಕೆಟ್ ನಂಬರ್ ಬರೆದಿಟ್ಕೊಳ್ಳಿ, ಅದಿಲ್ಲದೆ ಮೇಲೆ ಅಪೀಲ್ ಇಲ್ಲ. ಉತ್ತರ ಸರಿ ಅನಿಸದಿದ್ರೆ 30 ದಿನದೊಳಗೆ ಅದೇ ಕಂಪೆನಿಯ ಅಪೀಲ್ ಅಥಾರಿಟಿಗೆ, ಫೀಸ್ ಇಲ್ಲ. ಟ್ರಾಯ್‌ಗೆ ನೇರ ಬರೆದು ಪ್ರಯೋಜನ ಇಲ್ಲ, ಒಬ್ಬೊಬ್ಬರ ದೂರು ಅವರು ತಗೊಳ್ಳುದಿಲ್ಲ. ಕಂಪೆನಿಯವರ ಕವರೇಜ್ ಮ್ಯಾಪ್ ಅವರ ಸೈಟಲ್ಲೇ ಇರ್ತದೆ, ಟ್ರಾಯ್‌ನ 2024ರ ನಿಯಮ. ಭಟ್ರ ಮನೆ ಅದರಲ್ಲಿ ಬಣ್ಣ ಬಳಿದು ತೋರಿಸಿದ್ರೆ ಆ ಚಿತ್ರವನ್ನೂ ಸೇರಿಸುವಾ.

ಕೆಳಮನೆ ಅಕ್ಕ, 5:22
ಉಳಿದ ಮನೆಗಳಿಗೂ ಫೈಬರ್ ಎಳೆಯುದು ಕೇಳ್ತೇನೆ ಅಂದಿದ್ರಲ್ಲ, ಎಂತ ಆಯ್ತು ಮಾಷ್ಟ್ರೇ?

ಮಾಷ್ಟ್ರು (ಅಡ್ಮಿನ್), 5:30
ಕೇಬಲ್‌ನವರನ್ನು ಕೇಳಿದೆ, ಹತ್ತು ಮನೆ ಗಟ್ಟಿ ಆದ್ರೆ ಎಳೀತೇವೆ ಅಂದ್ರು. ಈಗ 7 ಆಗಿದೆ. 2023 ಜೂನ್ 5ಕ್ಕೆ ಶುರುವಾದ ಕೇರಳ ಸರಕಾರದ ಫೈಬರ್ ಇಂಟರ್ನೆಟ್ ಕೆ-ಫೋನ್ ಕೂಡ ಕರೆಂಟ್ ಕಂಬದಲ್ಲೇ ಬರುದು, ಬಡ ಕುಟುಂಬಕ್ಕೆ ಫ್ರೀ ಅಂತ ಉಂಟು, ನಮ್ಮ ರಸ್ತೆಗೆ ಬರ್ತದಾ ಅಂತ ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ನಾಳೆ ಕೇಳ್ತೇನೆ. ವಾರ್ಡ್ ಮೆಂಬರಿಗೆ ಅರ್ಜಿ ಕನ್ನಡದಲ್ಲೇ ಬರೆದಿದ್ದೇನೆ, ಮಲಯಾಳ ಕಾಪಿ ಕಾಕ ಬರೆದು ಕೊಡ್ತಾರೆ. ಟವರ್ ಕೇಳುದಾದ್ರೆ ಹಳೆ ಸಹಿಯವರೆಲ್ಲ ಮೊದಲು ಇದಕ್ಕೆ ಸಹಿ ಹಾಕ್ಬೇಕು.

ಗುಡ್ಡೆಮನೆ ಭಟ್ರು, 5:34
ನಾನು 8ನೇ ಮನೆ, ಬರ್ಕೊಳ್ಳಿ. ಸಹಿಗೂ ಬರ್ತೇನೆ

ಕೆಳಮನೆ ಅಕ್ಕ, 5:41
ನಾವು 9. ಆದ್ರೆ ಈ ಶನಿವಾರ ಪುನಃ ಲೈವ್ ಉಂಟು, ಮಾವ ಈಗಲೇ ಕೇಳ್ಲಿಕ್ಕೆ ಶುರು ಮಾಡಿದ್ದಾರೆ

ಅಂಗಡಿ ಕಾಕ, 5:43
ಎರಡು ಬೆಂಚು ಹೊರಗೆ ಹಾಕ್ತೇನೆ, ಮಾವನಿಗೆ ಕುರ್ಚಿ. ಟಿವಿ ಯಾರಾದ್ರೂ ತನ್ನಿ