ಎಸ್‌ಟಿಪಿ ಬೆಳಗ್ಗೆ ಹೊತ್ತು ಮಾತ್ರ ನಾರುವುದೇಕೆ?

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ನಮ್ಮದು 80 ಮನೆಗಳ ಅಪಾರ್ಟ್‌ಮೆಂಟ್. ಬೇಸ್‌ಮೆಂಟಿನಲ್ಲಿ ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ಬೆಳಗ್ಗೆ ಎದ್ದರೆ ಕೊಳೆತ ಮೊಟ್ಟೆಯ ವಾಸನೆ, ಮಧ್ಯಾಹ್ನಕ್ಕೆ ಕಡಿಮೆ. ಅಲ್ಲಿಂದ ಫ್ಲಶ್‌ಗೆ ಬರುವ ನೀರೂ ಹಳದಿ. ಕ್ಲೋರಿನ್ ಜಾಸ್ತಿ ಹಾಕಿದರೆ ಸರಿಹೋಗುತ್ತಾ?

ಉತ್ತರ: ಕ್ಲೋರಿನ್ ವಿಷಯ ಆಮೇಲೆ. ರಾತ್ರಿ ಬ್ಲೋವರ್, ಅಂದ್ರೆ ಟ್ಯಾಂಕಿಗೆ ಗಾಳಿ ಊದುವ ಯಂತ್ರ, ಆಫ್ ಮಾಡ್ತೀರಾ?

ಪ್ರಶ್ನೆ: ಹೌದು ಸರ್, 11ರಿಂದ 5ರವರೆಗೆ. ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ಕಮಿಟಿಯಲ್ಲಿ ತೀರ್ಮಾನ ಆಯ್ತು.

ಉತ್ತರ: ಕಾಯಿಲೆ ಅಲ್ಲೇ ಇದೆ. ನೀರನ್ನು ತಿಳಿ ಮಾಡುವುದು ಯಂತ್ರವಲ್ಲ, ಏರೇಶನ್ ಟ್ಯಾಂಕಿನಲ್ಲಿ (ಬ್ಲೋವರ್ ಗಾಳಿ ಊದುವ ಟ್ಯಾಂಕ್) ಇರುವ ಬ್ಯಾಕ್ಟೀರಿಯಾ. ಜಾಲರಿ ಕಸ ತಡೆಯುತ್ತೆ, ಮರಳು ಮತ್ತು ಇದ್ದಿಲಿನ ಫಿಲ್ಟರ್ ಕೊನೆಗೆ ಸೋಸುತ್ತೆ, ಅಷ್ಟೇ. ನಡುವೆ ಕೊಳೆ ತಿನ್ನುವ ಈ ಜೀವಿಗಳಿಗೆ ಉಸಿರು ಬೇಕು, ಲೀಟರ್ ನೀರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ. ಆರು ಗಂಟೆ ಗಾಳಿ ನಿಲ್ಲಿಸಿದರೆ ಕೆಸರು ತಳಕ್ಕೆ ಕೂರುತ್ತೆ, ಗಾಳಿ ಬೇಡದ ಇನ್ನೊಂದು ಜಾತಿ ಮೇಲುಗೈ ಸಾಧಿಸುತ್ತೆ. ಮೊಟ್ಟೆ ವಾಸನೆ ಅವು ಬಿಡುವ ಹೈಡ್ರೋಜನ್ ಸಲ್ಫೈಡಿನದು. ಅದು ವಿಷ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಕ್ಲೀನ್ ಮಾಡಿಸೋಣ ಅಂತ ಯಾರನ್ನೂ ಟ್ಯಾಂಕಿಗೆ ಇಳಿಸಬೇಡಿ.

ಒಂದು ಕೆಲಸ ಮಾಡಿ. ಬ್ಲೋವರ್ ಓಡುವಾಗ ಏರೇಶನ್ ಟ್ಯಾಂಕಿನಿಂದ ಒಂದು ಲೀಟರ್ ನೀರನ್ನು ಅಳತೆ ಜಾಡಿಗೆ ತುಂಬಿ, 30 ನಿಮಿಷ ಅಲುಗಾಡಿಸದೆ ಇಡಿ. ಕೆಳಗೆ ಕಾಫಿಪುಡಿ ಬಣ್ಣದ ಕೆಸರು 300 ಮಿಲೀ ಆಸುಪಾಸು, ಮೇಲೆ ತಿಳಿನೀರು ಕಂಡರೆ ಆರೋಗ್ಯ ಚೆನ್ನಾಗಿದೆ ಅಂತ.

ಪ್ರಶ್ನೆ: ಇಟ್ಟು ನೋಡಿದೆ ಸರ್. ಬರೀ 90 ಮಿಲೀ. ಬಣ್ಣ ಕಪ್ಪು.

ಉತ್ತರ: ಅಂದ್ಕೊಂಡೆ. ಬ್ಯಾಕ್ಟೀರಿಯಾ ಸಾಲದು, ಇರುವುದಕ್ಕೂ ಉಸಿರಿಲ್ಲ. ಇದಕ್ಕೆ ಕ್ಲೋರಿನ್ ಸುರಿದರೆ ಅದೂ ಸಾಯುತ್ತೆ. ಕ್ಲೋರಿನ್ ಕೊನೆಯ ಟ್ಯಾಂಕಿಗೆ ಮಾತ್ರ.

ಮೊದಲು ಬ್ಲೋವರ್ 24 ಗಂಟೆ ಓಡಿಸಿ. ಆಮೇಲೆ, ಚೆನ್ನಾಗಿ ನಡೆಯುವ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಕೆಸರು ತರಿಸಿ ಹಾಕಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಈ ವಿಧಾನ ಹುಟ್ಟಿದ್ದೇ ಹೀಗೆ: ಗಾಳಿ ಊದಿದ ಮೇಲೆ ತಳದಲ್ಲಿ ಉಳಿದ ಕೆಸರನ್ನು ಎಸೆಯದೆ ಹೊಸ ಕೊಳಚೆಗೆ ಬೆರೆಸಿದರು, ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಲ್ಲಿ ಮುಗಿಯಿತು.

ಪ್ರಶ್ನೆ: ಸಗಣಿ ಹಾಕಿದರೆ ಸಾಕು ಅಂತಾರಲ್ಲ ಸರ್?

ಉತ್ತರ: ಸಗಣಿಯಲ್ಲಿರುವುದು ಹೆಚ್ಚಾಗಿ ಹಸುವಿನ ಹೊಟ್ಟೆಯ, ಗಾಳಿ ಬೇಡದ ಬ್ಯಾಕ್ಟೀರಿಯಾ. ನಿಮಗೆ ಬೇಕಿರುವುದು ಗಾಳಿ ಬೇಕಾದ ಜಾತಿ. ಸುಮ್ನೆ ಸಗಣಿಯ ನಾರು ಸೇರಿಕೊಂಡು ಪಂಪ್ ಕಟ್ಟಿಕೊಳ್ಳುತ್ತೆ. ಹತ್ತು ದಿನ ಬಿಟ್ಟು ಮತ್ತೆ ಜಾಡಿ ಇಟ್ಟು, ಫೋಟೋ ಹಾಕಿ.